ದನಿ ಮಾತ್ರ ಅಕ್ಕನದು

ಬ್ಯಾಂಕಿನ ವಂಚನೆ ತಡೆ ವಿಭಾಗದ ಮುಖ್ಯಸ್ಥೆ ತನ್ನ ಕುರ್ಚಿಯ ಪಕ್ಕದಲ್ಲೇ ಸತ್ತು ಬಿದ್ದಿದ್ದಳು. ಬೆಂಕಿ ಆರಿಸುವ ಸಿಲಿಂಡರಿನಿಂದ ಯಾರೋ ಅವಳ ತಲೆಯನ್ನು ಜಜ್ಜಿದ್ದರು. ರಕ್ತ ಕೀಬೋರ್ಡಿನ ಸಂದಿಗಳಿಗೆಲ್ಲ ಇಳಿದು ಹೆಪ್ಪುಗಟ್ಟಿತ್ತು. ಅಂಟಿಕೊಂಡಿದ್ದ ಕೂದಲಿನಿಂದ ಪೊಲೀಸ್ ಡಾಕ್ಟರ್ ತೆಳುವಾದ ಗಾಜಿನ ಚೂರೊಂದನ್ನು ಹೆಕ್ಕಿ ಲಕೋಟೆಗೆ ಹಾಕಿದಳು. ಡಾಕ್ಟರಳ ಚಿಕ್ಕಪ್ಪ, ನಿವೃತ್ತನಾದರೂ ಚಾಳಿ ಬಿಡದ ಪತ್ತೇದಾರ, ಬಾಗಿಲಲ್ಲಿ ಅಳುತ್ತಿದ್ದ ಮುದುಕಿಯತ್ತ, ಸತ್ತವಳ ತಾಯಿಯತ್ತ, ತಿರುಗಿದ್ದ.

"ನನ್ನ ಮಗನ್ನ ಲಾಕಪ್ಪಲ್ಲಿ ಚಚ್ತಿದಾರೆ ಸ್ವಾಮಿ! ಅವನು ಶಾಲೆಗೆ ಸೇರಿದ ವರ್ಷ ಹುಟ್ಟಿದ ಕೂಸು ಇದು. ಇವಳನ್ನ ಅವನು ಕೊಲ್ತಾನಾ? ಸಂಜೆಯೊಳಗೆ ಅವನನ್ನೂ ಸಾಯಿಸಿಬಿಡ್ತಾರೆ!"

"ಸಾಕ್ಷಿ ಗಟ್ಟಿಯಾಗಿದೆ ಸಾರ್," ಎಂದು ಇನ್‌ಸ್ಪೆಕ್ಟರ್ ಚಿಕ್ಕಪ್ಪನನ್ನು ಒಳಗೆ ಕರೆದು, ಸತ್ತವಳ ಫೋನಿನಿಂದ ಮ್ಯಾನೇಜರಿಗೆ ಬಂದಿದ್ದ ದನಿ ಸಂದೇಶ ಕೇಳಿಸಿದ. ಏದುಸಿರು, ಚೀರಾಟ: "ನನ್ನ ತಮ್ಮ ನನ್ನ ಕೊಲ್ತಿದಾನೆ! ಬೇಗ ಬನ್ನಿ!"

"ನಕಲಿ ದನಿ ಇರಬಹುದಲ್ವಾ?" ಎಂದಳು ಡಾಕ್ಟರ್.

"ಅದನ್ನೂ ನೋಡಾಯ್ತು ಮೇಡಂ," ಎಂದ ಸಹಾಯಕ ಎಂಜಿನಿಯರ್. ಆಫೀಸಿನಲ್ಲಿ ಅವನನ್ನು ಕರೆಯುವುದೇ ಕನ್ನಡಕ ಎಂದು. ಅಂದು ಮಾತ್ರ ಬರಿಗಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ಮಕ್ಕಳ ದನಿ ನಕಲು ಮಾಡಿ ಹೆತ್ತವರ ಹಣ ದೋಚುವವರನ್ನು ಹಿಡಿಯಲೆಂದು ಸತ್ತವಳು ಕೃತಕ ಬುದ್ಧಿಮತ್ತೆಯ ಯಂತ್ರವೊಂದನ್ನು ಪಳಗಿಸಿದ್ದಳು. ಅದಕ್ಕೆ ಪಾಠ ಹೇಳಲು ನಕಲಿ ದನಿಗಳನ್ನು ಮಾಡಿಕೊಡುತ್ತಿದ್ದವನು ಇವನೇ. "ಯಂತ್ರವೇ ಇದು ಅಸಲಿ ಅಂದಿದೆ. ನಾವೆಲ್ಲ ಅವರನ್ನ ಅಕ್ಕ ಅಂತಿದ್ವಿ. ಇಲ್ಲೇ ಗುಮಾಸ್ತನಾಗಿದ್ದ ಆ ತಮ್ಮನೂ ಬಾಯ್ತುಂಬಾ ಅಕ್ಕ ಅಂತಿದ್ದ, ಪಾಪಿ!"

ಯಂತ್ರ ಹೇಳಿದ್ದು ಇನ್‌ಸ್ಪೆಕ್ಟರಿಗೆ ವೇದವಾಕ್ಯವಾಗಿತ್ತು. ಚಿಕ್ಕಪ್ಪ ಮ್ಯಾನೇಜರಿನ ಕಿವಿಯಲ್ಲಿ ಏನೋ ಹೇಳಿ ಕಳಿಸಿದ. ಆಮೇಲೆ ಎಲ್ಲರನ್ನೂ ಮೀಟಿಂಗ್ ಕೋಣೆಯಲ್ಲಿ ಸೇರಿಸಿ, ಮುದುಕಿಯ ಮಗನನ್ನೂ ಕರೆಸಿದ. ಅವನ ತುಟಿ ಹರಿದಿತ್ತು, ಬೆರಳುಗಳು ಮುರಿದಿದ್ದವು. ಡಾಕ್ಟರಿಗೆ ಇನ್‌ಸ್ಪೆಕ್ಟರನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

"ಅಮ್ಮಾ, ನಿಮ್ಮ ಮಗಳು ಇವನನ್ನ ಏನಂತ ಕರೀತಿದ್ಲು?" ಎಂದು ಚಿಕ್ಕಪ್ಪ ಕೇಳಿದ.

"ಅಣ್ಣ ಅಂತ. ಇವನು ದೊಡ್ಡೋನಲ್ವಾ?"

ಇನ್‌ಸ್ಪೆಕ್ಟರ್ ಬೆಪ್ಪಾದ.

"ಆಫೀಸಲ್ಲಿ ಎಲ್ಲರ ಜೊತೆ ಇವನೂ ತಮಾಷೆಗೆ ಅಕ್ಕ ಅಂತಿದ್ದ," ಎಂದ ಚಿಕ್ಕಪ್ಪ. "ಅದನ್ನ ಕೇಳಿ ಇವನು ತಮ್ಮ ಅಂದ್ಕೊಂಡವನು ಆಫೀಸಿನವನೇ. ನಕಲಿ ದನಿ ಮಾಡೋ ಕೈಚಳಕ ಇರೋನು ಇಲ್ಲಿ ಒಬ್ಬನೇ. ಹಾಗಿದ್ರೆ ಯಂತ್ರ ಯಾಕೆ ಮೋಸ ಹೋಯ್ತು? ಕನ್ನಡಕ ಮಾಡಿದ ಒಂದು ಬಗೆಯ ನಕಲಿಗಳನ್ನ ಮ್ಯಾನೇಜರ್ ಈಗ ತಾನೇ ಯಂತ್ರಕ್ಕೆ ಹಾಕಿ ನೋಡಿದ್ರು. ಎಲ್ಲಾನೂ ಅಸಲಿ ಅಂತು! ಹಾಗೆ ಕಲಿಸಿದ್ದೇ ಇವನು. ಆ ನಕಲಿಗಳನ್ನ ಕಳ್ಳರಿಗೆ ಮಾರ್ತಿದ್ದ, ಅವಳಿಗೆ ಸಿಕ್ಕಿಬಿದ್ದ, ಬಡಿದು ಕೊಂದ. ಅವಳು ಸುಮ್ನೆ ಸಾಯಲಿಲ್ಲ, ಇವನ ಕನ್ನಡಕ ಒಡೆದೇ ಸತ್ತಳು."

ಡಾಕ್ಟರ್ ಗಾಜಿನ ಚೂರನ್ನು ಮೇಜಿನ ಮೇಲಿಟ್ಟಳು.

ಕನ್ನಡಕ ಕುರ್ಚಿ ಎತ್ತಿ ಚಿಕ್ಕಪ್ಪನ ಹೆಗಲಿಗೆ ಬೀಸಿದ. ಮೂಳೆ ಮುರಿದ ಸದ್ದು ಡಾಕ್ಟರಿಗೆ ಕೇಳಿಸಿತು. ಮತ್ತೆ ಎತ್ತುವಷ್ಟರಲ್ಲಿ ಮುದುಕಿಯ ಮಗ ಮೇಲೆ ಬಿದ್ದು, ಮೊಣಕೈಯಿಂದ ಅವನ ಮುಖವನ್ನು ನೆಲಕ್ಕೆ ಚಚ್ಚತೊಡಗಿದ. ಬಿಡಿಸಲು ಮೂವರು ಬೇಕಾದರು.

ಕನ್ನಡಕನಿಗೆ ಬೇಡಿ ತೊಡಿಸಿದ ಮೇಲೆ ಮುದುಕಿ ಇನ್‌ಸ್ಪೆಕ್ಟರನತ್ತ ಕೈ ಚಾಚಿದಳು. "ಆ ಫೋನಲ್ಲಿ ನನ್ನ ಕೂಸಿನ ದನಿ ಇದೆಯಂತಲ್ಲ, ಒಂದ್ಸಲ ಕೇಳಿಸಿ."

"ಅದು ಅವಳಲ್ಲಮ್ಮ," ಎಂದ ಮಗ. ಬೆರಳು ಮಡಚಲಾಗದೆ, ಪೊಲೀಸರು ಮರಳಿಸಿದ್ದ ತನ್ನ ಫೋನನ್ನು ಡಾಕ್ಟರಿಗೆ ಕೊಟ್ಟ. ಅವಳು ಹಿಂದಿನ ವಾರದ ಸಂದೇಶವೊಂದನ್ನು ಒತ್ತಿದಳು.

"ಅಣ್ಣಾ, ಬೇಗ ಬಾರೋ. ಮನೆ ಕೀ ನಿನ್ನ ಹತ್ರಾನೇ ಉಳ್ಕೊಂಡಿದೆ, ಬಾಗಿಲಲ್ಲೇ ನಿಂತಿದೀನಿ."