ಏಳನೇದು ಸ್ವಲ್ಪ ದೂರ

ಒಂಬತ್ತು ವರ್ಷದವನಿದ್ದಾಗ ವೆಂಡೆಲ್ ತನ್ನ ಅಮ್ಮನಿಗೆ ಒಂದು ಮಾತು ಕೊಟ್ಟಿದ್ದ.

ಅಂದು ಶಾಲೆಯಲ್ಲಿ ಹ್ಯಾಲೋವೀನ್ ಪಾರ್ಟಿ. ಅವನದು ಬೆದರುಬೊಂಬೆಯ ವೇಷ. ಅಪ್ಪನ ಹಳೇ ಅಂಗಿ, ಕಾಲರಿನೊಳಗೆಲ್ಲ ಹುಲ್ಲು. ಟೀಚರ್ ಅವನನ್ನು ಎಬ್ಬಿಸಿ ನಿಲ್ಲಿಸಿ, ಪುಸ್ತಕ ಕೈಗಿಟ್ಟು, ಓದು ಅಂದರು. ಇರುವೆ ಸಾಲಿಗೆ ಯಾರೋ ಕಡ್ಡಿ ಆಡಿಸಿದ ಹಾಗೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅವನು ಬಾಯಿ ಬಿಟ್ಟುಕೊಂಡು ನಿಂತೇ ಇದ್ದ. ಬೆದರುಬೊಂಬೆಯ ಪಾತ್ರ ಎಷ್ಟು ಚೆನ್ನಾಗಿ ಮಾಡುತ್ತಾನೆ ಎಂದುಕೊಂಡು ಇಡೀ ಕ್ಲಾಸು ಚಪ್ಪಾಳೆ ತಟ್ಟಿ ನಕ್ಕಿತು. ಟೀಚರ್ ನಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅಮ್ಮ ಟ್ರಕ್ಕನ್ನು ಬದಿಗೆ ನಿಲ್ಲಿಸಿ, ಅವನ ಕತ್ತಿನಿಂದ ಒಂದೊಂದೇ ಹುಲ್ಲುಕಡ್ಡಿ ಆಯ್ದು ತೆಗೆದಳು.

"ಟೀಚರ್ ಹತ್ರ ನಾನು ಮಾತಾಡಿದೀನಿ. ನಿನಗೆ ಓದೋಕೆ ಬರಲ್ಲ ಅನ್ನೋದು ಇನ್ಯಾರಿಗೂ ಗೊತ್ತಾಗೋದು ಬೇಡ. ಜನ ಮರ್ಯಾದೆ ಕೊಡಲ್ಲ ಕಣೋ. ನಾನಿರೋವರೆಗೂ ನಾನು ಓದ್ತೀನಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡು."

ಕೊಟ್ಟ. ಮೂವತ್ತೈದು ವರ್ಷ ಉಳಿಸಿಕೊಂಡ. ಕಳೆದ ಮಾರ್ಚಿನಲ್ಲಿ ಅಮ್ಮ ತೀರಿಕೊಂಡಳು. ಅಂದಿನಿಂದ ಬಂದ ಕಾಗದಗಳೆಲ್ಲ ಅಡುಗೆಮನೆಯ ಬ್ರೆಡ್ಡಿನ ಡಬ್ಬಿಯಲ್ಲಿ ಬಾಯಿ ಒಡೆಯದೆ ಕೂತಿದ್ದವು.

ಓದು ಬಾರದಿದ್ದರೇನು, ಹೊಲದಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಮಿಸ್ ಓಪಲ್ ಅವರ ಕುಂಬಳಕಾಯಿ ತೋಟದಲ್ಲಿ ಪ್ರತಿ ವರ್ಷ ಮುಸುಕಿನ ಜೋಳದ ಚಕ್ರವ್ಯೂಹ ಕತ್ತರಿಸುವವನು ಅವನೇ. ಜೂನಿನಲ್ಲಿ ಪೈರು ಮೊಣಕಾಲಿಗೆ ಬಂದಾಗ ಸಾಲು ಎಣಿಸಿ, ಗೂಟ ನೆಟ್ಟು, ದಾರಿ ಬಿಡಿಸುತ್ತಿದ್ದ. ಅಕ್ಟೋಬರಿಗೆ ಅದೇ ದಾರಿಯಲ್ಲಿ ಅರ್ಧ ಜಿಲ್ಲೆಯ ಜನ ಮಕ್ಕಳು ಮರಿ ಕಟ್ಟಿಕೊಂಡು ಕಳೆದುಹೋಗಿ, ಕಿರುಚಿ, ಖುಷಿಪಟ್ಟು, ಹೊರಗೆ ಬಂದು ಡೋನಟ್ ತಿನ್ನುತ್ತಿದ್ದರು.

ಅವನು ಕಳೆದುಹೋಗುತ್ತಿದ್ದುದು ಒಂದೇ ಕಡೆ. ಬೆಳಿಗ್ಗೆ ಹನ್ನೊಂದೂಕಾಲಿಗೆ, ತನ್ನ ಮನೆಯ ಮುಂದಿನ ಅಂಚೆ ಪೆಟ್ಟಿಗೆಯ ಬಳಿ.

ನಡೀನ್ ಆ ರಸ್ತೆಯ ಅಂಚೆಯವಳು. ರಸ್ತೆಯಂಚಿನ ಪೆಟ್ಟಿಗೆಗಳು ಕೈಗೆಟಕಲೆಂದು ಬಲಗಡೆ ಕೂತು ಓಡಿಸುವ ಜೀಪು, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು, ನಕ್ಕರೆ ಒಂದೇ ಕೆನ್ನೆಯಲ್ಲಿ ಬೀಳುವ ಗುಳಿ. ಕಳಿಸುವ ಕಾಗದವಿದ್ದರೆ ಪೆಟ್ಟಿಗೆಯ ಪಕ್ಕದ ಕೆಂಪು ಬಾವುಟ ಎತ್ತಿಡಬೇಕು. ಎತ್ತಿದ್ದರೆ ಅಂಚೆಯವರು ನಿಲ್ಲಲೇಬೇಕು. ಮೇ ತಿಂಗಳಿನಿಂದ ವೆಂಡೆಲ್‌ನ ಬಾವುಟ ದಿನವೂ ಎದ್ದಿರುತ್ತಿತ್ತು. ಪೆಟ್ಟಿಗೆ ಮಾತ್ರ ಖಾಲಿ.

"ಕಾಗದ ಇಲ್ದೆ ಬಾವುಟ ಎತ್ತೋದು ದೊಡ್ಡ ಅಪರಾಧ, ಗೊತ್ತಾ ವೆಂಡೆಲ್?"

"ಗಾಳಿಗೆ ಎದ್ದಿರ್ಬೇಕು."

"ದಿನಾ ಹನ್ನೊಂದೂಕಾಲಿಗೇ ಏಳುತ್ತಾ ನಿಮ್ಮನೆ ಗಾಳಿ?"

ಅವನು ಬೂಟಿನ ತುದಿಯಿಂದ ನೆಲ ಕೆದಕುತ್ತಿದ್ದ. ಅವಳು ಗುಳಿ ಬೀಳಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದಳು. ಜೀಪಿನ ಧೂಳು ಇಳಿಯುವವರೆಗೂ ಅವನು ಅಲ್ಲೇ ಇರುತ್ತಿದ್ದ.

ಸೆಪ್ಟೆಂಬರಿನಲ್ಲಿ, ರಸ್ತೆಯಂಚಿನ ಮೇಪಲ್ ಮರಗಳಿಗೆ ಬೆಂಕಿಯ ಬಣ್ಣ ಹತ್ತುವ ಹೊತ್ತಿಗೆ, ಅವಳೇ ಮಾತು ತೆಗೆದಳು. "ಹನ್ನೊಂದು ವರ್ಷದಿಂದ ಇದೇ ರಸ್ತೆ, ಇದೇ ಪೆಟ್ಟಿಗೆಗಳು. ಈ ಸಲ ಹ್ಯಾಲೋವೀನ್ ವಾರಕ್ಕೆ ರಜೆ ಹಾಕ್ತೀನಿ. ಪೆಟ್ಟಿಗೆ ಇಲ್ದಿರೋ ದಾರೀಲಿ ಹೋಗ್ಬೇಕು. ನೀನೂ ಬಾ."

"ನಾನಾ?"

"ಇಲ್ಲ, ನಿಮ್ಮನೆ ಗಾಳಿ."

ಅಲ್ಲಿಂದ ದಿನವೂ ಐದು ನಿಮಿಷದ ಸಭೆ. ಊರೂರಿನ ಹ್ಯಾಲೋವೀನ್ ಮೇಳಗಳ ಬಗ್ಗೆ ಅವಳು ತಂದ ಬಣ್ಣದ ಚೀಟಿಗಳು ಜೀಪಿನ ಮೂತಿಯ ಮೇಲೆ ಹರಡುತ್ತಿದ್ದವು. ಅವನು ಚಿತ್ರ ನೋಡಿ ತೀರ್ಪು ಕೊಡುತ್ತಿದ್ದ. ಕೊರೆದ ದೈತ್ಯ ಕುಂಬಳಕಾಯಿಯೊಳಗೆ ಕೂತು ಕೆರೆಯಲ್ಲಿ ಹುಟ್ಟು ಹಾಕುವ ಪಂದ್ಯಕ್ಕೆ ಒಪ್ಪಿದ. ಅಸ್ಥಿಪಂಜರಗಳ ಮೆರವಣಿಗೆಗೆ ಒಪ್ಪಿದ. ಹಳೇ ಜೈಲಿನೊಳಗೆ ಮಾಡಿದ ದೆವ್ವದ ಮನೆಗೆ ಮಾತ್ರ ತಲೆ ಅಲ್ಲಾಡಿಸಿದ.

"ದುಡ್ಡು ಕೊಟ್ಟು ಯಾಕೆ ಹೆದರೋದು?"

"ಕತ್ತಲಲ್ಲಿ ಕೈ ಹಿಡ್ಕೊಳ್ಳೋಕೆ ಒಂದು ನೆಪ ಬೇಡ್ವಾ?"

ಅವನ ಕಿವಿಗಳು ಮೇಪಲ್ ಎಲೆಗಿಂತ ಕೆಂಪಾದವು. ಜೈಲೂ ಸೇರಿಕೊಂಡಿತು.

"ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ದಾರಿ ಓದ್ತಾ ಹೋಗು," ಅಂದಳು ಒಂದು ದಿನ.

"ಬೇಡ!" ಅಂದ, ಬೇಕಾದ್ದಕ್ಕಿಂತ ಜೋರಾಗಿ. "ನಾನೇ ಓಡಿಸ್ತೀನಿ. ನೀನು ಓದು."

"ಯಾಕೆ, ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವಾ?"

ಅವನು ನಕ್ಕ. ಮೂವತ್ತೈದು ವರ್ಷ ಉಜ್ಜಿ ಹೊಳಪು ಕೊಟ್ಟ ನಗೆ ಅದು. ಒಳಗೆ ಮಾತ್ರ ಒಂದು ಬೆದರುಬೊಂಬೆ ಬಾಯಿ ಬಿಟ್ಟುಕೊಂಡು ನಿಂತಿತ್ತು.

ಅಕ್ಟೋಬರ್ ಎರಡನೆಯ ವಾರ ಅವಳು ಒಂದು ಕಾರ್ಡು ಹಿಡಿದು ಬಂದಳು. ತೋಟದ ಅಂಗಡಿಯಲ್ಲಿ ಮಾರುವ ಚಿತ್ರ. ಆ ವರ್ಷದ ಚಕ್ರವ್ಯೂಹವನ್ನು ವಿಮಾನದಿಂದ ತೆಗೆದದ್ದು. ನೆಲದಲ್ಲಿ ನಡೆಯುವವರಿಗೆ ಬರೀ ಓಣಿಗಳು. ಮೇಲಿಂದ ನೋಡಿದರೆ ರೆಕ್ಕೆ ಬಿಚ್ಚಿದ ಒಂದು ಕಾಗೆ, ಅದರ ಕೊಕ್ಕಿನಲ್ಲಿ ಒಂದು ಲಕೋಟೆ.

"ಕಾಗೆ ಬಾಯಲ್ಲಿ ಕಾಗದ ಯಾಕೆ ವೆಂಡೆಲ್?"

"ಹಾಗೇ ಬಂತು."

"ಹನ್ನೆರಡು ಎಕರೆ ಜೋಳದಲ್ಲಿ ಹಾಗೇ ಬಂತಾ?" ಅವಳು ಕಾರ್ಡನ್ನು ಎದೆಗೊತ್ತಿ ಹಿಡಿದಿದ್ದಳು. ಆ ದಿನ ಅವಳು ಇನ್ನೇನೂ ಕೆಣಕಲಿಲ್ಲ.

ಮರುದಿನ ಅವಳು ಒಂದು ಲಕೋಟೆಯನ್ನು ಕೈಗೇ ಕೊಟ್ಟಳು. "ಪ್ರವಾಸದ ಪಟ್ಟಿ. ಏಳು ನಿಲ್ದಾಣ. ಒಳಗೆ ಹೋಗಿ ಓದು, ನನ್ನ ಮುಂದೆ ಬೇಡ." ಅವಳ ಕತ್ತಿನವರೆಗೂ ಕೆಂಪೇರಿತ್ತು. ಉತ್ತರಕ್ಕೂ ಕಾಯದೆ ಜೀಪು ಓಡಿಸಿದಳು.

ಅಡುಗೆಮನೆಯ ಮೇಜಿನ ಮೇಲೆ ವೆಂಡೆಲ್ ಕಾಗದ ಬಿಡಿಸಿದ. ಒಂದರಿಂದ ಏಳರವರೆಗೆ ಅಂಕಿ ಗೊತ್ತಾಯಿತು. ತನ್ನ ಹೆಸರಿನ ಮೊದಲ ಅಕ್ಷರ ಕೊನೆಯಲ್ಲೆಲ್ಲೋ ಕಂಡಿತು. ಉಳಿದದ್ದೆಲ್ಲ ಒಂದರ ಬಾಲ ಇನ್ನೊಂದು ಹಿಡಿದ, ಕೂಡಿಸಿ ಬರೆದ ಅಕ್ಷರ. ಏಳನೆಯದು ಎಲ್ಲಕ್ಕಿಂತ ಉದ್ದವಿತ್ತು. ಅಚ್ಚಿನ ಕಾಗದವನ್ನು ಫೋನು ಓದಿ ಹೇಳುತ್ತದೆ ಎಂದು ಎಲ್ಲೋ ಕೇಳಿದ್ದ. ಇದರ ಫೋಟೋ ಹಿಡಿದಾಗ ಅದರೊಳಗಿನ ಹೆಂಗಸು ತಡವರಿಸಿದಳು. "ಒಂದು. ಕುಂಬಳಕಾಯಿ. ಎರಡು. ಅಸ್ಪಷ್ಟ." ಕೊನೆಗೆ, "ಏಳು. ಬೆಕ್ಕಿನ ಮರಿ. ಅಸ್ಪಷ್ಟ. ಅಸ್ಪಷ್ಟ. ಅಸ್ಪಷ್ಟ."

ಬೆಕ್ಕಿನ ಮರಿ ನೋಡೋಕೆ ಯಾವ ಊರಿಗೆ ಹೋಗಬೇಕು?

ಅವಳು ಬರೆದ ಕಾಗದ. ತನಗೇ ಬರೆದದ್ದು. ಜೀವಮಾನದಲ್ಲಿ ಮೊದಲ ಸಲ ಯಾರೋ ಪ್ರೀತಿಯಿಂದ ಬರೆದದ್ದನ್ನು ಒಬ್ಬ ಗಂಡಸು ಮೇಜಿನ ಮೇಲಿಟ್ಟುಕೊಂಡು ದನದ ಹಾಗೆ ನೋಡುತ್ತಿದ್ದಾನೆ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಗೊತ್ತಾದರೆ ಅವಳು ನಗುವುದಿಲ್ಲ, ಮರುಕಪಡುತ್ತಾಳೆ. ಆಮೇಲೆ ಆ ಗುಳಿ ತನ್ನ ಕಡೆ ತಿರುಗಿ ಬೀಳುವುದಿಲ್ಲ.

ಮರುದಿನ ಅವನು ಬಾವುಟ ಎತ್ತಲಿಲ್ಲ. ಎತ್ತಿದರೆ ಅವಳು ನಿಲ್ಲುತ್ತಾಳೆ, ನಿಂತರೆ ಓದಿದೆಯಾ ಅಂತ ಕೇಳುತ್ತಾಳೆ. ಹನ್ನೊಂದೂಕಾಲಿಗೆ ತೋಟದ ಚಕ್ರವ್ಯೂಹದ ನಡುವೆ, ಕಾಗೆಯ ಕಣ್ಣಿನಲ್ಲಿ, ಜೋಳದ ಕಡ್ಡಿಗಳ ಮರೆಗೆ ಕೂತಿದ್ದ. ಅದರ ಮರುದಿನವೂ ಅಷ್ಟೆ. ಮೂರನೆಯ ದಿನ ಮನೆಯ ಕಿಟಕಿಯಿಂದ ಕದ್ದು ನೋಡಿದ. ಜೀಪು ನಿಧಾನವಾಯಿತು. ಅವಳು ಇಳಿಬಿದ್ದ ಬಾವುಟದತ್ತ ಒಂದು ಕ್ಷಣ ನೋಡಿದಳು. ಆಮೇಲೆ ಜೀಪು ಎಂದೂ ಇಲ್ಲದ ಹಾಗೆ ಗುರ್ರೆಂದು ಓಡಿಹೋಯಿತು.

ಗೊತ್ತಾಗಿಬಿಟ್ಟಿದೆ ಎಂದುಕೊಂಡ ವೆಂಡೆಲ್.

ಶನಿವಾರ ಅವಳು ತೋಟಕ್ಕೇ ಬಂದಳು. ಸಮವಸ್ತ್ರ ಇರಲಿಲ್ಲ, ಹಸಿರು ಕೋಟು, ಬಿಚ್ಚಿದ ಕೂದಲು. ಡೋನಟ್ ಅಂಗಡಿಯ ಪಕ್ಕದಲ್ಲಿ ಅವನು ಕುಂಬಳಕಾಯಿ ಜೋಡಿಸುತ್ತಿದ್ದ. ಓಡಲು ದಾರಿಯಿರಲಿಲ್ಲ.

"ಒಂದೇ ಒಂದು ಮಾತು ಕೇಳಿ ಹೋಗ್ತೀನಿ," ಅಂದಳು. ಕೈಯಲ್ಲಿ ಕೊಂಡ ಡೋನಟ್ ಹಾಗೇ ಇತ್ತು. "ಓದಿದ್ಯಾ?"

"ಹೂಂ."

"ಪೂರ್ತಿ?"

"ಪೂರ್ತಿ. ಪಟ್ಟಿ ಚೆನ್ನಾಗಿದೆ."

"ಏಳನೇದೂ?"

ಅವನು ಎಂದಿನಂತೆ ಊಹೆಯ ಮೇಲೆ ಕಾಲಿಟ್ಟ. ಅರ್ಧ ಆಯುಷ್ಯ ಹೀಗೇ ದಾಟಿದ್ದನಲ್ಲ. "ಏಳನೇದು... ಸ್ವಲ್ಪ ದೂರ ಆಯ್ತೇನೋ."

ನಡೀನ್‌ಳ ಮುಖದಲ್ಲಿ ದೀಪ ಆರಿದಂತಾಯಿತು. ಡೋನಟನ್ನು ಒಂದು ಕುಂಬಳಕಾಯಿಯ ಮೇಲೆ ಮೆಲ್ಲಗೆ ಇಟ್ಟಳು. "ದೂರ. ಸರಿ." ನಗಲು ನೋಡಿದಳು, ಗುಳಿ ಬೀಳಲಿಲ್ಲ. "ತಪ್ಪು ನಂದೇ. ನಲವತ್ತೊಂದು ವರ್ಷಕ್ಕೆ ಇಂಥ ಹುಚ್ಚಾಟ ಆಡಬಾರದಿತ್ತು. ನಾಚಿಕೆ ಆಗ್ತಿದೆ ನನಗೆ. ರಜೆ ವಾಪಸ್ ಮಾಡ್ತೀನಿ, ನೀನೇನೂ ಅಂದ್ಕೋಬೇಡ." ಮಕ್ಕಳ ಗುಂಪಿನ ನಡುವೆ ಹಸಿರು ಕೋಟು ಮರೆಯಾಯಿತು.

ನಾಚಿಕೆ ಅವಳಿಗಂತೆ! ಅವನಿಗೆ ಏನೂ ಅರ್ಥವಾಗಲಿಲ್ಲ. ಏನೋ ಒಂದನ್ನು ತನ್ನ ಕೈಯಾರೆ ಒಡೆದೆ ಎನ್ನುವುದಷ್ಟೇ ಗೊತ್ತಾಯಿತು.

ಅಂಗಡಿಯ ಕಿಟಕಿಯಿಂದ ಮಿಸ್ ಓಪಲ್ ಎಲ್ಲ ನೋಡುತ್ತಿದ್ದರು. ಎಪ್ಪತ್ತೆಂಟರ ಅವರ ಕಣ್ಣು ಮಂಜಾಗಿರಲಿಲ್ಲ, ಬಾಯಿಯಂತೂ ಮೊಂಡಾಗಿರಲೇ ಇಲ್ಲ.

"ಆ ಹುಡುಗೀನ ಅಳಿಸಿ ಕಳಿಸಿದೆಯಲ್ಲೋ, ಗೂಟ!"

ವೆಂಡೆಲ್ ಎದೆಯ ಜೇಬಿನಿಂದ ಕಾಗದ ತೆಗೆದ. ಬೆವರಿಗೆ ಮಡಿಕೆಗಳು ಮೆತ್ತಗಾಗಿದ್ದವು. "ಮಿಸ್ ಓಪಲ್, ಇದನ್ನ ಸ್ವಲ್ಪ ಓದಿ ಹೇಳ್ತೀರಾ? ಕನ್ನಡಕ ಮನೇಲೇ ಬಿಟ್ಟು ಬಂದಿದೀನಿ."

ಅವರು ಕಾಗದ ಮುಟ್ಟಲಿಲ್ಲ. ಕೈಯ ಸಕ್ಕರೆ ಏಪ್ರನ್ನಿಗೆ ಒರೆಸಿಕೊಂಡರು.

"ಮಗಾ, ಇಪ್ಪತ್ತಾರು ವರ್ಷದಿಂದ ನೀನು ನನ್ನ ಹತ್ರ ಕೆಲಸ ಮಾಡ್ತಿದೀಯ. ಇಪ್ಪತ್ತಾರು ವರ್ಷದಿಂದ ನಿನ್ನ ಕನ್ನಡಕ ಮನೇಲೇ ಇದೆ."

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ತಲೆ ಎತ್ತಲಾಗಲಿಲ್ಲ. "ನಿಮಗೆ... ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ನಿನ್ನ ಕೈಗೆ ಯಾವತ್ತೂ ಚೀಟಿ ಕೊಡಲಿಲ್ಲ, ಬಾಯಲ್ಲೇ ಹೇಳಿದೆ. ನಿಮ್ಮಮ್ಮ ದೊಡ್ಡ ಮನಸ್ಸಿನವಳು, ಆದ್ರೆ ಇದೊಂದರಲ್ಲಿ ತಪ್ಪಿದಳು." ಸ್ವಲ್ಪ ತಡೆದು, "ಇದು ನಾನು ಓದೋ ಕಾಗದ ಅಲ್ಲ. ಬರೆದವಳ ಹತ್ರಾನೇ ಓದಿಸ್ಕೋ," ಅಂದರು.

ಭಾನುವಾರ ಅಂಚೆ ಇಲ್ಲ. ಅಷ್ಟು ಉದ್ದದ ಭಾನುವಾರವನ್ನು ವೆಂಡೆಲ್ ಕಂಡಿರಲಿಲ್ಲ. ಬ್ರೆಡ್ಡಿನ ಡಬ್ಬಿ ತೆರೆದ, ಮುಚ್ಚಿದ. ಅಮ್ಮನ ಕುರ್ಚಿಯತ್ತ ನೋಡಿದ, ನೋಟ ತಿರುಗಿಸಿದ.

ಸೋಮವಾರ ಅವಳ ಕಾಗದವನ್ನೇ ಪೆಟ್ಟಿಗೆಯೊಳಗಿಟ್ಟು ಬಾವುಟ ಎತ್ತಿದ. ಪಕ್ಕದಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು, ಅಪರಾಧಿಯ ಹಾಗೆ ನಿಂತ.

ಹನ್ನೊಂದೂಕಾಲಿಗೆ ಜೀಪು ಬಂತು. ನಿಲ್ಲಿಸಲು ಅವಳಿಗೆ ಮನಸ್ಸಿರಲಿಲ್ಲ. ಬಾವುಟ ಎದ್ದಿತ್ತು, ನಿಲ್ಲಿಸಿದಳು. ಅವನ ಮುಖ ನೋಡದೆ ಪೆಟ್ಟಿಗೆಗೆ ಕೈ ಹಾಕಿದಳು. ತನ್ನದೇ ಲಕೋಟೆ.

"ವಾಪಸ್ ಕೊಡೋ ಅಗತ್ಯ ಇರ್ಲಿಲ್ಲ ವೆಂಡೆಲ್. ಬಾವುಟ ಇಳಿಸಿದ್ದೇ ಸಾಕಿತ್ತು."

"ಬಾವುಟಕ್ಕೂ ಇದಕ್ಕೂ ಏನು ಸಂಬಂಧ?"

ಅವಳು ಈಗ ನೋಡಿದಳು. "ಓದಿದೆ ಅಂದ್ಯಲ್ಲ?"

ಗಂಟಲಲ್ಲಿ ಹುಲ್ಲು ತುಂಬಿದಂತಿತ್ತು. ಟೊಪ್ಪಿಗೆಯ ಅಂಚನ್ನು ಹಿಂಡುತ್ತಾ, ಅವಳ ಜೀಪಿನ ಚಕ್ರಕ್ಕೆ ಹೇಳಿದ: "ಸುಳ್ಳು ಹೇಳಿದೆ. ನನಗೆ ಓದೋಕೆ ಬರಲ್ಲ."

"ನನ್ನ ಅಕ್ಷರ ಅಷ್ಟು ಕೆಟ್ಟದಾ?"

"ಯಾರ ಅಕ್ಷರಾನೂ ಬರಲ್ಲ ನಡೀನ್. ಯಾವತ್ತೂ ಬಂದಿಲ್ಲ."

ಜೀಪಿನ ಇಂಜಿನ್ನು ಬಡಬಡ ಅನ್ನುತ್ತಿತ್ತು. ಅವಳು ಕೈ ಚಾಚಿ ಅದನ್ನು ಆರಿಸಿದಳು. ಹನ್ನೊಂದು ವರ್ಷದಲ್ಲಿ ಆ ರಸ್ತೆಯಲ್ಲಿ ಅವಳು ಇಂಜಿನ್ ಆರಿಸಿದ್ದು ಅದೇ ಮೊದಲು.

"ಮತ್ತೆ ದೂರ ಅಂದಿದ್ದು?"

"ಬಾಯಿಗೆ ಬಂತು, ಅಂದೆ. ಫೋನು ಬೆಕ್ಕಿನ ಮರಿ ಅಂತು. ಯಾವ ಊರೋ ಏನೋ."

ಅವಳು ಬಾಯಿಗೆ ಕೈ ಅಡ್ಡ ಇಟ್ಟಳು. ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ. ಬಹುಶಃ ಅವಳಿಗೂ. "ನಿನ್ನ ಪೆಟ್ಟಿಗೆ ಬಂದಾಗೆಲ್ಲ ಮುಖ ಮುಚ್ಕೊಳ್ಳೋ ಹಾಗಾಗ್ತಿತ್ತು ನನಗೆ," ಅಂದಳು. "ಇಲ್ಲಿ ನೋಡಿದ್ರೆ ನೀನು ಮುಖ ಮುಚ್ಕೊಂಡು ಕೂತಿದೀಯ. ಬಾ, ಹತ್ತು."

ಎಡಗಡೆಯ ಸೀಟಿನ ಮೇಲಿದ್ದ ಕಾಗದಗಳ ಟ್ರೇಯನ್ನು ಹಿಂದಕ್ಕೆ ಸರಿಸಿದಳು. ಅವನು ಕೂತ. ಅವಳು ಕಾಗದ ಬಿಡಿಸಿ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು, ಅವಸರವಿಲ್ಲದೆ ಓದಿದಳು. ಕೆರೆಯ ಕುಂಬಳಕಾಯಿ ದೋಣಿ. ಅಸ್ಥಿಪಂಜರಗಳ ಮೆರವಣಿಗೆ. ಸಾವಿರ ದೀಪದ ಸೇತುವೆ. ದೈತ್ಯ ಕಾಯಿಗಳ ತೂಕದ ಮೇಳ. ಜೈಲು, ಕೈ ಹಿಡಿಯಲು. ಸೇಬಿನ ತೋಟ, ಕೈ ಬಿಡದಿರಲು.

ಏಳನೆಯದಕ್ಕೆ ಬಂದಾಗ ಅವಳ ದನಿ ತಗ್ಗಿತು.

"ಏಳು. ಹ್ಯಾಲೋವೀನ್ ಸಂಜೆ. ವೆಂಡೆಲ್‌ನ ಅಡುಗೆಮನೆ. ಬಾಗಿಲಿಗೆ ಬಂದ ಮಕ್ಕಳಿಗೆಲ್ಲ ಇಬ್ಬರೂ ಸೇರಿ ಮಿಠಾಯಿ ಕೊಡೋದು. ಆಮೇಲೆ ನಾನು ನಮ್ಮನೆಗೆ ಹೋಗಲ್ಲ. ನಿನಗೆ ಒಪ್ಪಿಗೆ ಇದ್ರೆ ನಾಳೆ ಬಾವುಟ ಎತ್ತು. ಇಲ್ಲದಿದ್ರೆ ಇಳಿಸಿಡು. ನಾನೇನೂ ಕೇಳಲ್ಲ."

ಹಿಂದೆ ಯಾರದೋ ಟ್ರಕ್ಕು ಹಾರನ್ ಹೊಡೆಯಿತು. ಇಬ್ಬರೂ ತಿರುಗಲಿಲ್ಲ.

"ಅಡುಗೆಮನೆ ಎಲ್ಲಿ ಬರೆದಿದೆ?" ಅಂತ ಕೇಳಿದ ವೆಂಡೆಲ್. ಅವಳು ಅವನ ಬೆರಳು ಹಿಡಿದು ಆ ಪದದ ಮೇಲಿಟ್ಟಳು. "ಕಿಚನ್. ಇದನ್ನೇ ನಿನ್ನ ಫೋನು ಕಿಟನ್ ಅಂತ ಓದಿ ಬೆಕ್ಕಿನ ಮರಿ ಮಾಡಿದ್ದು." ಅವನು ಅದನ್ನು ತುಂಬಾ ಹೊತ್ತು ನೋಡಿದ.

"ದೂರ ಏನಿಲ್ಲ," ಅಂದ.

ಹೊರಗೆ ಬಾವುಟ ಎದ್ದೇ ಇತ್ತು. ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು.

ಅಮ್ಮನಿಗೆ ಕೊಟ್ಟಿದ್ದ ಮಾತನ್ನು ವೆಂಡೆಲ್ ಆ ಸೋಮವಾರ ಮುರಿದ.