ಎಪ್ಪತ್ತೆಂಟು ಸೆಕೆಂಡಿನ ನೆತ್ತರು

"ಯಾರ ಮುಂದೂ ಹೇಳಂಗಿಲ್ಲ, ತಂಗಿ."

ಆರು ವರ್ಷದ ಹಿಂದೆ ಆಳಂದದ ಲ್ಯಾಬಿನಲ್ಲಿ ತುಳಜಾಬಾಯಿಗೆ ನಾನು ಕೊಟ್ಟ ಮಾತು ಅದು.

ಹೋದ ತಿಂಗಳು ಅದೇ ಮಾತಿಗಾಗಿ ನನ್ನ ಗಂಟಲಿಗೆ ಕುಡುಗೋಲು ಬಂತು!

ಜೇವರ್ಗಿಯ ಒಂದು ಆಸ್ಪತ್ರೆ. ಕೆಳಗಿನ ಲ್ಯಾಬ್. ಒಳಗಿನಿಂದ ಚಿಲಕ. ಕುಡುಗೋಲು ಹಿಡಿದವನು ತುಳಜಾಬಾಯಿಯ ತಮ್ಮ ಬೀರಲಿಂಗಪ್ಪ.

"ಕಂಪ್ಯೂಟರ್ ಬಂದ್ ಮಾಡ್ರಿ, ಸಾಹೇಬ್ರ."

ಮಾಡಲಿಲ್ಲ.

ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಹಿಡಿಯಿತು... ಮೂರು ತಾಲೂಕಿನ ಲ್ಯಾಬ್‌ಗಳಿಂದ ಆ ಅಂಕಿ ನನ್ನ ಕೈಗೆ ಬರುತ್ತದೆ. ಯಾರ ರಕ್ತ ನಿಲ್ಲುವುದಿಲ್ಲ ಎಂದು ಹುಡುಕುವುದೇ ನನ್ನ ಕೆಲಸ. ಆ ಬೆಳಿಗ್ಗೆ ಅಫಜಲಪುರದಲ್ಲಿ ಕೂತಾಗ ಸ್ಕ್ರೀನ್ ಮೇಲೆ ತುಳಜಾಬಾಯಿಯ ಮಗ ಗುರುಪಾದನ ಹೆಸರು ಕಂಡಿತು. ಹರ್ನಿಯಾ ಆಪರೇಷನ್, ಹನ್ನೊಂದು ಗಂಟೆಗೆ. ಮೂವತ್ತೊಂದು ಸೆಕೆಂಡ್.

ನಾರ್ಮಲ್!

ಆಳಂದದಲ್ಲಿ ಅವನದು ಎಪ್ಪತ್ತೆಂಟು ಇತ್ತು. ಎರಡು ಸಲ ನೋಡಿದ್ದೆ. ಹುಟ್ಟಿನಿಂದ ಬಂದದ್ದು, ತಾನಾಗಿ ಹೋಗುವಂಥದ್ದಲ್ಲ.

ಜೇವರ್ಗಿಯ ಆಸ್ಪತ್ರೆಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಬೈಕ್ ಹತ್ತಿದೆ... ಆ ರಕ್ತ ಯಾರದೆಂದು ನೋಡಲು ಮೊದಲು ಲ್ಯಾಬಿಗೆ ಇಳಿದೆ; ಬೀರಲಿಂಗಪ್ಪ ಬೆನ್ನಿಗೇ ಬಂದು ಚಿಲಕ ಹಾಕಿದ.

"ಯಾರ ರಕ್ತ ಕೊಟ್ಟೆಲೇ, ಬೀರಲಿಂಗಪ್ಪ?"

"ನಂದು. ಅವನ ಚೀಟಿ ಹಿಡ್ಕೊಂಡು ನಾನ ಕೈ ಚಾಚ್ದೆ."

"ಯಾಕ?"

"ಬೀಗರು ಮ್ಯಾಲೆ ಕುಂತಾರ್ರಿ. ಮುಂದಿನ ತಿಂಗಳು ಗುರುಪಾದಂದು ಲಗ್ನ. ಇಂಥ ಮನಿಗೆ ಹೆಣ್ಣು ಕೊಡ್ತಾರೇನು?"

"ಕೊಯ್ದ್ರ ಸಾಯ್ತಾನಲೇ!"

"ಹಲ್ಲು ಕಿತ್ತಾಗ ಮೂರು ದಿನ ಹರೀತು. ನಿಂತಿತಿಲ್ಲ?"

"ಅದು ಹಲ್ಲು. ಇದು ಹೊಟ್ಟಿ."

ಅವನು ಮಹಡಿಯ ಕಡೆ ತಲೆ ಎತ್ತಿದ. ಅಷ್ಟೇ ಸಾಕಾಯಿತು!

ಸ್ಟೂಲು ಒದ್ದೆ. ಅವನ ಮೊಣಕಾಲಿಗೆ ಬಡಿಯಿತು. ಚಿಲಕ ತೆಗೆದು ಓಡಿದೆ. ಹಿಂದೆ ಅವನ ಚಪ್ಪಲಿಯ ಸದ್ದು... ಮೆಟ್ಟಿಲು... ತಿರುವು... ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡೇ ನಿಮಿಷ!

ವರಾಂಡದ ಬೆಂಚಿನ ಮೇಲೆ ಬಾಳೆಹಣ್ಣಿನ ಚೀಲ ಹಿಡಿದು ಬೀಗರು ಕೂತಿದ್ದರು. ಥಿಯೇಟರ್ ಬಾಗಿಲು ಮುಚ್ಚಿತ್ತು. ಅದಕ್ಕೆ ಅಡ್ಡವಾಗಿ ತುಳಜಾಬಾಯಿ ನಿಂತಳು.

"ಅಣ್ಣಾ..." ಎರಡೂ ಕೈ ಮುಗಿದಳು. "ಮಾತು ಕೊಟ್ಟೀಯಪ್ಪಾ!"

ಕೊಟ್ಟಿದ್ದೆ.

ಅವಳ ತಲೆಯ ಮೇಲಿಂದ ಕೈ ಚಾಚಿ ಬಾಗಿಲು ಬಡಿದೆ.

"ಕೊಯ್ಬ್ಯಾಡ್ರಿ ಡಾಕ್ಟ್ರ! ಆ ರಿಪೋರ್ಟ್ ಗುರುಪಾದಂದಲ್ಲ! ಅವಗ ರಕ್ತ ನಿಲ್ಲಂಗಿಲ್ಲ!"

ಬಾಗಿಲು ತೆರೆಯಿತು. ಡಾಕ್ಟರು ಇನ್ನೂ ಒಂದೇ ಕೈಗೆ ಗ್ಲೌಸ್ ಹಾಕಿದ್ದರು.

ಹೆಣ್ಣಿನ ತಂದೆ ಎದ್ದರು. ಹಣ್ಣಿನ ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು.

ಗುರುಪಾದ ಬದುಕಿದ್ದಾನೆ. ಅವನ ತಾಯಿ ನನ್ನ ಮುಖ ನೋಡುವುದಿಲ್ಲ.

ಕೊಟ್ಟ ಮಾತು ಮುರಿದೆ.