ಕೊನೆಯ ಹುಕ್ಕು

"ಕೊನೇ ಹುಕ್ಕು ಮಾತ್ರ ಹೊಲೀಬೇಡ ಕಣಮ್ಮ," ಎಂದಳು ಇಸ್ತ್ರಿ ಅಜ್ಜಿ. "ಆ ಜಾಗಕ್ಕೆ ಒಂದು ಗುಂಡುಪಿನ್ನು ಚುಚ್ಚಿಬಿಡು. ಫೋಟೋದಲ್ಲಿ ಬೆನ್ನು ಯಾರಿಗೂ ಕಾಣಲ್ಲ."

ಸೂಜಿಮೆಣಸು ದಾರವನ್ನು ಹಲ್ಲಿನಿಂದ ಕಡಿದು ನಕ್ಕಳು. ಆಳು ಗಿಡ್ಡ, ನಾಲಿಗೆ ಖಾರ. ಹೊಲಿಗೆ ಕೆಲಸಕ್ಕೆ ಸೇರಿದ ವಾರದಲ್ಲೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು.

ಉಡುಗೆತೊಡುಗೆಯ ಪುಸ್ತಕಗಳನ್ನೇ ಹೊರತರುವ ಪ್ರಕಾಶನವೊಂದರ ನೆಲಮಾಳಿಗೆಯಲ್ಲಿತ್ತು ಆ ಹೊಲಿಗೆಕೋಣೆ. ಪುಸ್ತಕದಲ್ಲಿರುವ ಒಂದೊಂದು ಉಡುಪನ್ನೂ ಅಲ್ಲಿ ಹೊಲಿದು, ರೂಪದರ್ಶಿಗೆ ತೊಡಿಸಿ ಫೋಟೋ ತೆಗೆದ ಮೇಲೆಯೇ ಪುಟ ಅಚ್ಚಿಗೆ ಹೋಗುವುದು. ಈಗ ಮೇಜಿನ ಮೇಲಿದ್ದದ್ದು ಆ ಸಂಸ್ಥೆಯ ಅತಿ ಹಳೆಯ ಪುಸ್ತಕ, ಮರುಮುದ್ರಣಕ್ಕೆ ತಯಾರಾಗುತ್ತಿತ್ತು. ಅದರ ಹಾಳೆಗಳ ನಡುವೆ ಉಡುಪು ಕತ್ತರಿಸಲು ಬೇಕಾದ ಕಾಗದದ ಮಾದರಿಗಳನ್ನು ಮಡಚಿಟ್ಟಿದ್ದರು. ಬಿಡಿಸಿದರೆ ಮುಗ್ಗಿದ ಹಿಟ್ಟಿನ ವಾಸನೆ. ಕೊನೆಯದು ಒಂದು ಕಪ್ಪು ಗೌನು: ಕತ್ತಿನವರೆಗೆ ಮುಚ್ಚಿದ್ದು, ಮಣಿಕಟ್ಟಿನವರೆಗೆ ತೋಳು, ಬೆನ್ನುದ್ದಕ್ಕೂ ಹುಕ್ಕುಗಳ ಸಾಲು.

ಅದನ್ನು ತೊಟ್ಟು ಮುಖಪುಟದ ಫೋಟೋಗೆ ನಿಲ್ಲಬೇಕಾದವಳು ಸೂಜಿಮೆಣಸಿನ ಸ್ವಂತ ತಂಗಿ. ಅಪ್ಪ ಅಮ್ಮ ಕಣ್ಮುಚ್ಚಿದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ತಂಗಿ. ಯಜಮಾನರ ಹಿಂದೆ ಮುಂದೆ ಸುತ್ತಿ, ಅವಳಿಗೆ ಈ ಅವಕಾಶ ಕೊಡಿಸಿದ್ದೂ ಅಕ್ಕನೇ.

"ಪೂರ್ತಿ ಹೊಲಿದ್ರೆ ಏನಾಗುತ್ತಂತೆ?"

ಅಜ್ಜಿ ದನಿ ತಗ್ಗಿಸಿದಳು. "ಈ ಪುಸ್ತಕ ಮಾಡಿದವಳ ಗಂಡನ್ನ ಇನ್ನೊಬ್ಬಳು ಬುಟ್ಟಿಗೆ ಹಾಕ್ಕೊಂಡಳು. ಆ ಇನ್ನೊಬ್ಬಳಿಗೇ ಅಂತ ಈ ಮಾದರಿ ಕತ್ತರಿಸಿ, ಕಾಗದಕ್ಕೇ ಮಾಟ ಮಾಡಿಸಿಟ್ಟಳು. ಹುಕ್ಕು ಪೂರ್ತಿ ಆಯ್ತು ಅಂದ್ರೆ ಗೌನು ತೊಟ್ಟೋರನ್ನ ಬಿಡಲ್ಲ. ಬೇರೆಯವರು ಬಂದು ಕೊನೇ ಹುಕ್ಕು ಬಿಚ್ಚಬೇಕು. ಬಿಚ್ಚಿದೋರ ಮೈಗೆ ಅದು ಹೋಗುತ್ತೆ."

"ನೀವೇನು ಕಣ್ಣಾರೆ ಕಂಡ್ರಾ?"

"ನನ್ನ ಜೊತೇಲಿ ಒಬ್ಬಳು ಕೆಲಸ ಮಾಡ್ತಿದ್ದಳು. ಜೀವದ ಗೆಳತಿ. ಇದೇ ಮಾದರಿ ಗೌನು ತೊಟ್ಟು ಆ ಟ್ರಯಲ್ ರೂಮಲ್ಲೇ ಹೋದಳು. ನಾನು ಬಾಗಿಲ ಹತ್ರಾನೇ ನಿಂತಿದ್ದೆ."

"ನಿಂತು ಏನು ಮಾಡಿದ್ರಿ?"

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಯಾವುದೋ ಅಂಗಿಯ ತೋಳಿನ ಮೇಲೆ ಒತ್ತಿ ಹಿಡಿದಳು. ಬಟ್ಟೆ ಸೀದ ವಾಸನೆ ಬರುವವರೆಗೂ ಎತ್ತಲಿಲ್ಲ.

"ನನ್ನ ತಂಗಿ ಪಿನ್ನು ಚುಚ್ಚಿಸ್ಕೊಂಡು ನಿಲ್ಲಲ್ಲ ಅಜ್ಜಿ," ಎಂದಳು ಸೂಜಿಮೆಣಸು. "ಹುಕ್ಕಿಗೆ ಹೆದರೋ ಹಾಗಿದ್ರೆ ನಾನು ಸೂಜಿನೇ ಹಿಡೀತಿರಲಿಲ್ಲ."

ಊಟದ ಹೊತ್ತಿಗೆ ಎಲ್ಲರೂ ಮೇಲೆ ಹೋದರು. ಮಷೀನುಗಳು ಒಂದೊಂದಾಗಿ ಸುಮ್ಮನಾದವು. ಗೌನು ಅವಳ ತೊಡೆಯ ಮೇಲಿತ್ತು. ಅಷ್ಟು ಅಚ್ಚುಕಟ್ಟಾದ ಸಾಲು, ತುದಿಯಲ್ಲಿ ಖಾಲಿ ಜಾಗ! ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅದು ಅವಳಿಗೆ ಕಿರಿಕಿರಿ ಮಾಡುತ್ತಿತ್ತು. ಕೈಯಲ್ಲಿ ಕಸುಬಿರುವವರಿಗೆ ಅರೆಬರೆ ಕೆಲಸ ಕಂಡರೆ ಆಗುವುದಿಲ್ಲ, ಇವಳಿಗಂತೂ ಮೊದಲೇ ಹಟ. ಸೂಜಿಗೆ ದಾರ ಪೋಣಿಸಿ ಕೊನೆಯ ಹುಕ್ಕನ್ನು ಭದ್ರವಾಗಿ ಹೊಲಿದಳು. ಗಂಟು ಹಾಕುವಾಗ ಸೂಜಿ ಬೆರಳಿಗೆ ಚುಚ್ಚಿತು. ಕಪ್ಪು ಬಟ್ಟೆ ರಕ್ತದ ಹನಿಯನ್ನು ಕಲೆಯೂ ಉಳಿಯದಂತೆ ಹೀರಿಕೊಂಡಿತು.

ತಂಗಿ ಇನ್ನೂ ಬಂದಿರಲಿಲ್ಲ. ಇಬ್ಬರ ಅಳತೆಯೂ ಒಂದೇ. ತೋಳು ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಿಬಿಡೋಣ ಎಂದು ಅವಳು ಗೌನು ಹಿಡಿದು ಟ್ರಯಲ್ ರೂಮಿಗೆ ಹೋದಳು. ನಾಲ್ಕು ಹಲಗೆಯ ಗೋಡೆ, ಒಂದು ಕನ್ನಡಿ, ಒಂದು ಬಲ್ಬು. ಯಾರೂ ಇಲ್ಲವಲ್ಲ ಎಂದು ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿದಳು.

ಗೌನು ನೀರಿನಂತೆ ಮೈಮೇಲೆ ಇಳಿಯಿತು. ಕನ್ನಡಿಯಲ್ಲಿ ಕಂಡ ಹೆಂಗಸು ಗಿಡ್ಡಳಾಗಿರಲಿಲ್ಲ. ಅವಳಿಗೆ ಖುಷಿಯಾಯಿತು. ಕೈ ಹಿಂದಕ್ಕೆ ಮಾಡಿ ಸೊಂಟದ ಬಳಿಯ ಮೊದಲ ಹುಕ್ಕು ಹಾಕಿದಳು.

ಟಕ್.

ಅದರ ಮೇಲಿನದು ತಾನಾಗಿಯೇ ಬಿತ್ತು. ಟಕ್. ಅದರ ಮೇಲಿನದು. ಟಕ್, ಟಕ್, ಟಕ್. ಸದ್ದು ಬೆನ್ನುಹುರಿಯ ಗುಂಟ ಹತ್ತಿ ಕತ್ತಿಗೆ ಬಂತು. ಅವಳ ಎರಡೂ ಕೈಗಳು ಇನ್ನೂ ಸೊಂಟದ ಹತ್ತಿರವೇ ಇದ್ದವು.

ಟಕ್.

ಬಲ್ಬು ಆರಿತು.

ಕೈ ಎತ್ತಲು ನೋಡಿದಳು. ತೋಳುಗಳು ಪಕ್ಕೆಗೆ ಹೊಲಿದಂತೆ ಅಂಟಿಕೊಂಡವು. ಹೆಜ್ಜೆ ಇಡಲು ನೋಡಿದಳು. ನೆರಿಗೆಗಳು ಕಾಲಿಗೆ ಸುತ್ತಿಕೊಂಡು ಬಿಗಿದವು. ಕತ್ತಲಲ್ಲಿ ಮುಗ್ಗಿದ ಹಿಟ್ಟಿನ ವಾಸನೆ, ಅದರ ಅಡಿಯಲ್ಲಿ ಯಾವುದೋ ಹೆಂಗಸಿನ ಹಳೆಯ ಬೆವರಿನ ವಾಸನೆ. ಗಾಬರಿಯಲ್ಲಿ ಉಸಿರು ಬಿಟ್ಟಳು. ಗೌನು ಅಷ್ಟೇ ಬಿಗಿಯಾಯಿತು. ಮತ್ತೆ ಎಳೆದುಕೊಳ್ಳಹೋದರೆ ಜಾಗವಿಲ್ಲ. ಬಿಟ್ಟ ಉಸಿರಿನ ಜಾಗವನ್ನೆಲ್ಲ ಅದು ನುಂಗುತ್ತಿತ್ತು. ಪಕ್ಕೆಲುಬು ಕಿರುಗುಟ್ಟಿತು. ಅಜ್ಜಿಯ ಮಾತು ಒಂದೊಂದೂ ನೆನಪಾಯಿತು.

ಹೊರಗೆ ಚಪ್ಪಲಿಯ ಸದ್ದು.

"ಅಕ್ಕಾ? ಎಲ್ಲಿದ್ದೀಯೇ? ಬಸ್ಸು ಕೈಕೊಡ್ತು, ಬೈಬೇಡ."

ತಂಗಿ. ಬೇಡ. ಅವಳು ಬರಬಾರದು. ಹುಕ್ಕು ಮುಟ್ಟಬಾರದು. ಸೂಜಿಮೆಣಸು ತುಟಿ ಕಚ್ಚಿಕೊಂಡಳು. ಬಾಯೊಳಗೆ ರಕ್ತದ ರುಚಿ. ಚಪ್ಪಲಿ ಹತ್ತಿರ ಬಂತು, ನಿಂತಿತು, ತಿರುಗಿತು.

"ಊಟಕ್ಕೆ ಹೋಗಿದ್ದಾಳೇನೋ," ಎಂದು ತಂಗಿ ಗೊಣಗಿದ್ದು ಕೇಳಿಸಿತು.

ಹೋಗಲಿ. ಹೋಗಲಿ. ಇನ್ನೊಂದು ಉಸಿರು ಹೋಯಿತು. ಒಳಗೆ ಏನೋ ಮುರಿಯಿತು. ಕಣ್ಣೆದುರು ಕೆಂಪು ಚುಕ್ಕೆಗಳು. ಒಂದೇ ಒಂದು ಮಾತಿಗಾಗುವಷ್ಟು ಗಾಳಿ ಉಳಿದಿತ್ತು.

"ಬಾರೇ..."

ಬಾಗಿಲು ತೆರೆಯಿತು. "ಅಯ್ಯೋ, ಕತ್ತಲಲ್ಲಿ ಏನು ಮಾಡ್ತಿದ್ದೀಯ? ಏನಾಯ್ತೇ? ತಡಿ, ಬಿಚ್ತೀನಿ." ಬೆಚ್ಚನೆಯ ಬೆರಳುಗಳು ಕತ್ತಿನ ಹಿಂದೆ ತಡಕಾಡಿದವು. ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಕೊನೆಯ ಹುಕ್ಕು ಬಿಚ್ಚಿಕೊಂಡಿತು.

ಗಾಳಿ ನುಗ್ಗಿತು. ಅವಳು ಒಳಲಂಗದಲ್ಲೇ ನೆಲಕ್ಕೆ ಕುಸಿದು, ಮುರಿದ ಪಕ್ಕೆ ಹಿಡಿದುಕೊಂಡು ಗಟಗಟನೆ ಉಸಿರು ಕುಡಿದಳು. ಬದುಕಿದೆ. ಅಷ್ಟೇ ಅನ್ನಿಸಿತು, ಬೇರೇನೂ ಅನ್ನಿಸಲಿಲ್ಲ.

ಗೌನು ನೆಲಕ್ಕೆ ಬಿದ್ದ ಸದ್ದಾಗಲಿಲ್ಲ.

ಟಕ್, ಟಕ್, ಟಕ್.

"ಅಕ್ಕಾ, ಇದೇನೇ ಇದು? ನಾನು ಹಾಕ್ಕೊಳ್ಳಲೇ ಇಲ್ಲ!"

ಬಾಗಿಲ ಸಂದಿಯಿಂದ ಬಂದ ಬೆಳಕಿನಲ್ಲಿ ತಂಗಿ ಕತ್ತಿನವರೆಗೆ ಕಪ್ಪಾಗಿ ನಿಂತಿದ್ದಳು. ಗೌನು ಒಂದು ಸುಕ್ಕಿಲ್ಲದೆ ಕೂತಿತ್ತು. ಸೂಜಿಮೆಣಸು ಹೇಗೋ ಎದ್ದು ಅವಳ ಬೆನ್ನ ಹಿಂದೆ ಹೋದಳು. ತಾನೇ ಹೊಲಿದ ಹುಕ್ಕು. ಬೆರಳು ಅದರ ಮೇಲಿಟ್ಟಳು. ಅದು ಮಂಜಿನಷ್ಟು ತಣ್ಣಗಿತ್ತು.

"ಬಿಗಿ ಆಗ್ತಿದೆ. ಬೇಗ ಬಿಚ್ಚೇ."

ಬೆರಳು ಅಲ್ಲಾಡಲಿಲ್ಲ. ಆ ಕತ್ತಲು, ಆ ವಾಸನೆ, ಜಾಗವಿಲ್ಲದ ಉಸಿರು. ಎಲ್ಲವನ್ನೂ ಮೈ ನೆನಪಿಟ್ಟುಕೊಂಡಿತ್ತು. ಸೊಂಟದ ಮೇಲೆ ಹೊತ್ತು ತಿರುಗಿದ ಕೂಸು ಇದು. ಬಿಚ್ಚು. ಬಿಚ್ಚು. ಕೈ ತಾನಾಗಿ ಹಿಂದಕ್ಕೆ ಬಂತು.

"ಅಕ್ಕಾ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು. ಹೊರಗಿನ ಬೆಳಕು ಕಣ್ಣಿಗೆ ಹೊಡೆಯಿತು. ಅವಳದೇ ಕೈ ಬಾಗಿಲನ್ನು ಮುಂದಕ್ಕೆ ಎಳೆಯಿತು.

ಮೆಟ್ಟಿಲ ಬುಡದಲ್ಲಿ ಇಸ್ತ್ರಿ ಅಜ್ಜಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಮುಚ್ಚಿದ ಬಾಗಿಲನ್ನು ನೋಡಿದಳು, ಸೂಜಿಮೆಣಸನ್ನು ನೋಡಿದಳು. ಡಬ್ಬಿ ಕೆಳಗಿಟ್ಟು, ಮುಖ ತಿರುಗಿಸಿಕೊಂಡು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಿದಳು.

ಒಳಗಿನ ಕೂಗು ಸಣ್ಣದಾಗುತ್ತ ಬಂತು. ಸೂಜಿಮೆಣಸು ಬಾಗಿಲ ಹತ್ತಿರವೇ ನಿಂತಿದ್ದಳು.